ನೂರು ಪ್ರತಿಗಳ ಲೆಕ್ಕಾಚಾರ: ಸಣ್ಣ ಸಂಗೀತ ಲೇಬಲ್‌ಗಳು ಕ್ಯಾಸೆಟ್ಟನ್ನು ಬಿಡದಿರುವುದೇಕೆ?

ಉಗಾಂಡಾದ ರಾಜಧಾನಿ ಕಂಪಾಲಾದಲ್ಲಿ 2016ರಲ್ಲಿ ‘ನ್ಯೆಗೆ ನ್ಯೆಗೆ ಟೇಪ್ಸ್’ ಎಂಬ ಪುಟ್ಟ ಸಂಗೀತ ಲೇಬಲ್ (ಧ್ವನಿಮುದ್ರಿಕೆಗಳನ್ನು ಹೊರತರುವ ಸಂಸ್ಥೆ) ಹುಟ್ಟಿಕೊಂಡಾಗ ಜಗತ್ತಿನ ಬಹುಪಾಲು ಕೇಳುಗರ ಮಟ್ಟಿಗೆ ಕ್ಯಾಸೆಟ್ಟಿನ ಕಾಲ ಮುಗಿದುಹೋಗಿತ್ತು. ಪೂರ್ವ ಆಫ್ರಿಕಾದ ಯುವಕರೂ ಆ ಹೊತ್ತಿಗೆ ಹಾಡು ಕೇಳುತ್ತಿದ್ದುದು ಮೊಬೈಲಿನಲ್ಲಿ, ಹಂಚಿಕೊಳ್ಳುತ್ತಿದ್ದುದು ಮೆಮೊರಿ ಕಾರ್ಡಿನಲ್ಲಿ. ಹೀಗಿದ್ದೂ ಯುರೋಪಿನಿಂದ ಬಂದು ಅಲ್ಲಿ ನೆಲೆಸಿದ್ದ ಡೆರೆಕ್ ಡೆಬ್ರು ಮತ್ತು ಆರ್ಲೆನ್ ಡಿಲ್ಸಿಜಿಯನ್ ಕಟ್ಟಿದ ಈ ಲೇಬಲ್ ತನ್ನ ಹೆಸರಿನಲ್ಲೇ ಟೇಪನ್ನು ಇಟ್ಟುಕೊಂಡಿತು. ಆರಂಭದ ಬಿಡುಗಡೆಗಳನ್ನು ಡಿಜಿಟಲ್ ರೂಪದ ಜೊತೆಗೆ ಕ್ಯಾಸೆಟ್ಟಿನಲ್ಲೂ ಹೊರತಂದಿತು. ಇದನ್ನು ಹಳೆಯ ದಿನಗಳ ಹಂಬಲ ಎಂದು ಕರೆದು ಮುಂದೆ ಹೋಗುವುದು ಸುಲಭ, ಪತ್ರಿಕೆಗಳು ಸಾಮಾನ್ಯವಾಗಿ ಹಾಗೆಯೇ ಮಾಡುತ್ತವೆ. ಆದರೆ ಇಪ್ಪತ್ತರ ಹರೆಯದ ಸಂಗೀತಗಾರರಿಗೂ ಕೇಳುಗರಿಗೂ ಹಂಬಲಿಸಲು ಕ್ಯಾಸೆಟ್ಟಿನ ಬಾಲ್ಯವೇ ಇರಲಿಲ್ಲ. ಕಾರಣವನ್ನು ನೆನಪಿನಲ್ಲಿ ಹುಡುಕುವ ಬದಲು ಲೆಕ್ಕದ ಪುಸ್ತಕದಲ್ಲಿ ಹುಡುಕಿದರೆ ಹೆಚ್ಚು ಅರ್ಥವಾಗುತ್ತದೆ ಎಂಬುದು ನನ್ನ ಅನಿಸಿಕೆ.

ಮೊದಲು ಈ ಸಂಗೀತ ಎಂಥದ್ದು ಎಂಬುದನ್ನು ನೋಡಬೇಕು. ಈ ಲೇಬಲ್ 2017ರಲ್ಲಿ ಹೊರತಂದ ‘ಸೌಂಡ್ಸ್ ಆಫ್ ಸಿಸ್ಸೊ’ ಎಂಬ ಸಂಕಲನ ತಾಂಜಾನಿಯಾದ ದಾರ್ ಎಸ್ ಸಲಾಮ್ ನಗರದ ಸಿಂಗೆಲಿ ಸಂಗೀತವನ್ನು ಹೊರಜಗತ್ತಿಗೆ ಪರಿಚಯಿಸಿತು. ನಿಮಿಷಕ್ಕೆ 200ರಿಂದ 300 ಬಡಿತಗಳ ವೇಗದಲ್ಲಿ ಓಡುವ ಸಿಂಗೆಲಿ ಆ ನಗರದ ಬಡ ಬಡಾವಣೆಗಳ ಬೀದಿಕೂಟಗಳಲ್ಲಿ, ಮದುವೆ ಮನೆಗಳಲ್ಲಿ ಬೆಳೆದದ್ದು. ಪೂರ್ವ ಆಫ್ರಿಕಾ ಕರಾವಳಿಯ ತಾರಬ್ ಎಂಬ ಶೈಲಿಯ ಹಳೆಯ ಹಾಡಿನ ತುಣುಕನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ವೇಗ ಹೆಚ್ಚಿಸಿ, ಅದರ ಮೇಲೆ ಸ್ವಾಹಿಲಿಯಲ್ಲಿ ಉಸಿರುಬಿಡದೆ ಪದ ಕಟ್ಟುವವರು ಅಲ್ಲಿನ ಗಾಯಕರು. ಅದೇ ವರ್ಷ ಬಂದ ಓಟಿಂ ಆಲ್ಫಾ ಅವರ ‘ಗುಲು ಸಿಟಿ ಆಂಥಮ್ಸ್’ ಉತ್ತರ ಉಗಾಂಡಾದ ಅಚೋಲಿ ಜನರ ಮದುವೆ ಹಾಡುಗಳ ಎಲೆಕ್ಟ್ರಾನಿಕ್ ರೂಪ. ದೀರ್ಘ ಕಾಲದ ಅಂತರ್ಯುದ್ಧದಿಂದ ಬಸವಳಿದ ಆ ಸೀಮೆಯಲ್ಲಿ ದೊಡ್ಡ ವಾದ್ಯಮೇಳವನ್ನು ಕರೆಸುವ ಶಕ್ತಿ ಮದುವೆ ಮನೆಗಳಿಗೆ ಉಳಿದಿರಲಿಲ್ಲ. ಆಗ ಮಾಜಿ ಬಾಕ್ಸರ್ ಆಗಿದ್ದ ಓಟಿಂ ಆಲ್ಫಾ ಮತ್ತು ನಿರ್ಮಾಪಕ ಲಿಯೊ ಪಲಾಯೆಂಗ್ ಲಾರಕರಕ ಎಂಬ ಮದುವೆ ಕುಣಿತದ ಲಯವನ್ನು ಕಂಪ್ಯೂಟರಿಗೆ ಒಗ್ಗಿಸಿದರು. ಮೂರು ವರ್ಷಗಳ ನಂತರ ಇದೇ ಲೇಬಲ್ ನೈರೋಬಿಯ ‘ಡುಮಾ’ ಎಂಬ ಜೋಡಿಯ ಕಿವಿಗಡಚಿಕ್ಕುವ ಮೆಟಲ್ ಸಂಗೀತವನ್ನೂ ಹೊರತಂದಿತು.

ಇವುಗಳಲ್ಲಿ ಯಾವುದೂ ಬಿಡುಗಡೆಯ ದಿನ ಲಕ್ಷ ಕೇಳುಗರನ್ನು ನೆಚ್ಚಿಕೊಂಡು ಹೊರಬಂದದ್ದಲ್ಲ. ಅಂಡರ್‌ಗ್ರೌಂಡ್ ಸಂಗೀತದ ಸ್ಥಿತಿ ಎಲ್ಲ ಕಡೆಯೂ ಇದೇ. ಒಂದು ಊರಿನಲ್ಲಿ ಹತ್ತು ಜನ, ಇನ್ನೊಂದು ದೇಶದಲ್ಲಿ ಇಪ್ಪತ್ತು ಜನ, ಎಲ್ಲ ಸೇರಿಸಿದರೆ ನೂರೋ ಇನ್ನೂರೋ ಜನ ದುಡ್ಡು ಕೊಟ್ಟು ಕೊಳ್ಳಬಹುದಾದ ಸಂಗೀತ ಅದು. ಇಷ್ಟು ಚದುರಿದ, ಇಷ್ಟು ಸಣ್ಣ ಕೇಳುಗ ಬಳಗಕ್ಕೆ ಸಂಗೀತವನ್ನು ತಲುಪಿಸಿ, ಕಲಾವಿದನ ಕೈಗೂ ಒಂದಿಷ್ಟು ಹಣ ಸೇರುವಂತೆ ಮಾಡುವ ಸಾಧನ ಯಾವುದು ಎಂಬುದೇ ಸಣ್ಣ ಲೇಬಲ್ಲಿನ ಮುಂದಿರುವ ನಿಜವಾದ ಪ್ರಶ್ನೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹತ್ತು ಹಾಡುಗಳ ಆಲ್ಬಮ್ಮೊಂದಕ್ಕೆ ನೂರು ನಿಷ್ಠಾವಂತ ಕೇಳುಗರಿದ್ದಾರೆ, ಪ್ರತಿಯೊಬ್ಬರೂ ಅದನ್ನು ವರ್ಷದಲ್ಲಿ ಒಂಬತ್ತು ಸಲ ಪೂರ್ತಿ ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಸ್ಟ್ರೀಮಿಂಗ್ ಸೇವೆಯಲ್ಲಿ ಪ್ರತಿ ಹಾಡಿಗೂ 900 ಕೇಳಿಕೆಗಳು ದಾಖಲಾಗುತ್ತವೆ. ಆದರೆ ಸ್ಪಾಟಿಫೈ 2024ರ ಆರಂಭದಿಂದ ಜಾರಿಗೆ ತಂದ ನಿಯಮದ ಪ್ರಕಾರ ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ಸಾವಿರ ಕೇಳಿಕೆ ದಾಟದ ಹಾಡಿಗೆ ಗೌರವಧನವೇ ಇಲ್ಲ. ಅಂದರೆ ಆ ನೂರು ಜನರ ಇಡೀ ವರ್ಷದ ಪ್ರೀತಿಗೆ ಅಲ್ಲಿ ಸಿಗುವ ಬೆಲೆ ಸೊನ್ನೆ. ಮಿತಿ ದಾಟಿದ್ದರೂ, ಒಂದು ಕೇಳಿಕೆಗೆ ಸಾಮಾನ್ಯವಾಗಿ ಅಂದಾಜಿಸುವ ದರದಲ್ಲಿ, ಎಲ್ಲ ಸೇರಿ ಮೂವತ್ತು ನಲವತ್ತು ಡಾಲರ್ ಸಿಕ್ಕೀತು. ಅದೇ ನೂರು ಜನ ಹತ್ತು ಡಾಲರಿನಂತೆ ಒಂದೊಂದು ಕ್ಯಾಸೆಟ್ ಕೊಂಡರೆ ಸಾವಿರ ಡಾಲರ್ ಆಗುತ್ತದೆ. ತಯಾರಿಕೆಗೆ ಪ್ರತಿಗೆ ಮೂರೂವರೆ ಡಾಲರ್ ಹಿಡಿದು, ಬ್ಯಾಂಡ್‌ಕ್ಯಾಂಪ್‌ನಂಥ ಮಾರಾಟ ತಾಣ ಭೌತಿಕ ವಸ್ತುಗಳ ಮೇಲೆ ಪಡೆಯುವ ಶೇ 10ರ ಪಾಲನ್ನು ಕಳೆದರೂ ಐನೂರು ಡಾಲರಿಗೂ ಹೆಚ್ಚು ಉಳಿಯುತ್ತದೆ. ಇದು ಜೀವನ ನಡೆಸುವಷ್ಟು ದೊಡ್ಡ ಮೊತ್ತವಲ್ಲ. ಆದರೆ ಮುಂದಿನ ಕ್ಯಾಸೆಟ್ಟಿಗೆ ಬಂಡವಾಳವಾಗುವಷ್ಟು ಮೊತ್ತ ಹೌದು, ಸಣ್ಣ ಲೇಬಲ್ ಉಸಿರಾಡುವುದು ಆ ಬಂಡವಾಳದ ಸುತ್ತು ನಿಲ್ಲದಿದ್ದಾಗ ಮಾತ್ರ. ಕಲಾವಿದನಿಗೆ ಹಣದ ಬದಲು ಒಟ್ಟು ಪ್ರತಿಗಳಲ್ಲಿ ಹತ್ತೋ ಇಪ್ಪತ್ತೋ ಪ್ರತಿಗಳನ್ನು ಕೊಟ್ಟು, ಅವನ್ನು ತನ್ನ ಕಾರ್ಯಕ್ರಮಗಳಲ್ಲಿ ಮಾರಿಕೊಳ್ಳಲು ಬಿಡುವ ಪದ್ಧತಿಯೂ ಈ ವಲಯದಲ್ಲಿ ಸಾಮಾನ್ಯವಾಗಿದೆ.

ಹಾಗಾದರೆ ವಿನೈಲ್ ಏಕಲ್ಲ ಎಂದು ಕೇಳಬಹುದು. ವಿನೈಲ್ ತಟ್ಟೆ ಮಾಡಲು ಮೊದಲು ಲ್ಯಾಕರ್ ಎಂಬ ಮೆದು ಲೇಪದ ತಟ್ಟೆಯ ಮೇಲೆ ಧ್ವನಿಯ ಗೆರೆಗಳನ್ನು ಕೊರೆಯಬೇಕು, ಅದರಿಂದ ಲೋಹದ ಅಚ್ಚು ತೆಗೆಯಬೇಕು, ಆ ಮೇಲೆ ಒತ್ತುಯಂತ್ರಕ್ಕೆ ಹೋಗಬೇಕು. ಈ ಆರಂಭಿಕ ವೆಚ್ಚ ನೂರು ಪ್ರತಿಗಳ ಮೇಲೆ ಹಂಚಿದಾಗ ಒಂದೊಂದು ತಟ್ಟೆಯೂ ದುಬಾರಿಯಾಗುತ್ತದೆ. ಮುನ್ನೂರು ಪ್ರತಿಗಳಿಗಿಂತ ಕಡಿಮೆಗೆ ಒಪ್ಪದ ಕಾರ್ಖಾನೆಗಳೂ ಇವೆ. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿದ್ದ ಅಪೊಲೊ ಮಾಸ್ಟರ್ಸ್ ಕಾರ್ಖಾನೆ ಬೆಂಕಿಗೆ ಆಹುತಿಯಾದ ಮೇಲೆ ಲ್ಯಾಕರ್ ಪೂರೈಕೆ ಬಹುಮಟ್ಟಿಗೆ ಜಪಾನಿನ ಒಂದೇ ಸಂಸ್ಥೆಯ ಮೇಲೆ ನಿಂತಿತು. ಕೋವಿಡ್ ಕಾಲದಲ್ಲಿ ಬೇಡಿಕೆಯೂ ಏರಿ, ದೊಡ್ಡ ಕಂಪನಿಗಳ ಆದೇಶಗಳು ಸಾಲಿನ ಮುಂದೆ ನಿಂತು, ಸಣ್ಣ ಲೇಬಲ್‌ಗಳು ಆರು ತಿಂಗಳಿಂದ ಒಂದು ವರ್ಷದವರೆಗೆ ಕಾಯುವ ಪರಿಸ್ಥಿತಿ ಬಂತು. ಕ್ಯಾಸೆಟ್ಟು ಕೆಲವೇ ವಾರಗಳಲ್ಲಿ ಕೈಗೆ ಬರುತ್ತದೆ. ಐವತ್ತು ಪ್ರತಿ ಸಾಕೆಂದರೆ ಐವತ್ತೇ ಮಾಡಿಸಬಹುದು. ಕೈಯಲ್ಲಿ ಎರಡು ಒಳ್ಳೆಯ ಡೆಕ್ (ಕ್ಯಾಸೆಟ್ಟನ್ನು ನುಡಿಸುವ, ಮುದ್ರಿಸುವ ಯಂತ್ರ) ಇದ್ದರೆ ಯಾರನ್ನೂ ಕೇಳದೆ ಮನೆಯಲ್ಲೇ ಮಾಡಬಹುದು.

ಮನೆಯಲ್ಲೇ ಮಾಡಬಹುದು ಎಂಬುದು ಎಷ್ಟು ದೊಡ್ಡ ಸಂಗತಿ ಎಂದು ತಿಳಿಯಬೇಕಾದರೆ ಒಂದು ಕ್ಯಾಸೆಟ್ಟನ್ನು ಬಿಚ್ಚಿ ನೋಡಬೇಕು. ಐದು ಸಣ್ಣ ತಿರುಪುಗಳನ್ನು ತೆಗೆದರೆ ಪ್ಲಾಸ್ಟಿಕ್ ಕವಚ ಎರಡು ಹೋಳಾಗುತ್ತದೆ. ಒಳಗೆ ಎರಡು ಗುಂಬಗಳು, ಮೂಲೆಗಳಲ್ಲಿ ಎರಡು ಪುಟ್ಟ ಉರುಳೆಗಳು, ಟೇಪು ನುಣ್ಣಗೆ ಜಾರಲೆಂದು ಎರಡು ತೆಳು ಹಾಳೆಗಳು, ನಡುವೆ ತಾಮ್ರಬಣ್ಣದ ಸ್ಪ್ರಿಂಗಿನ ಮೇಲೆ ಕೂರಿಸಿದ ಉಣ್ಣೆಯ ಮೆತ್ತೆ. ಈ ಮೆತ್ತೆ ಟೇಪನ್ನು, ಅದರ ಮೇಲಿನ ಧ್ವನಿಯನ್ನು ಓದುವ ಪ್ಲೇಯರಿನ ಹೆಡ್ಡಿಗೆ ಒತ್ತಿ ಹಿಡಿಯುತ್ತದೆ; ಇದು ಕಳಚಿಬಿದ್ದರೆ ಧ್ವನಿ ಮಸುಕಾಗುತ್ತದೆ. ಟೇಪಿನ ಅಗಲ 3.81 ಮಿಲಿಮೀಟರ್, ಅದು ಓಡುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 86 ಮೀಟರ್ ಟೇಪು ಸುತ್ತಿಕೊಂಡಿರುತ್ತದೆ. ಆ ಕಿರಿದಾದ ಪಟ್ಟಿಯಲ್ಲಿ ಎರಡೂ ಬದಿಯ ಸ್ಟೀರಿಯೊ ಸೇರಿ ನಾಲ್ಕು ಧ್ವನಿಪಥಗಳು ಇರಬೇಕಾದ್ದರಿಂದ ಒಂದೊಂದಕ್ಕೆ ಸಿಗುವ ಜಾಗ 0.6 ಮಿಲಿಮೀಟರ್ ಮಾತ್ರ. ಕ್ಯಾಸೆಟ್ಟಿನ ಹಿನ್ನೆಲೆಯ ಸುಯ್ಯೆಂಬ ಸದ್ದಿಗೂ, ತೀಕ್ಷ್ಣ ಸ್ವರಗಳು ಮೊಂಡಾಗುವುದಕ್ಕೂ ಕಾರಣ ಈ ಇಕ್ಕಟ್ಟು ಮತ್ತು ಈ ನಿಧಾನಗತಿ. ಶಾಸ್ತ್ರೀಯ ಸಂಗೀತದ ಕೇಳುಗನಿಗೆ ಇದು ದೋಷ. ಗದ್ದಲವನ್ನೇ ಸಾಮಗ್ರಿಯಾಗಿ ಬಳಸುವ ನಾಯ್ಸ್ ಸಂಗೀತಗಾರನಿಗೆ, ಮನೆಯ ಕೋಣೆಯಲ್ಲೇ ಧ್ವನಿಮುದ್ರಿಸುವ ಮೆಟಲ್ ತಂಡಕ್ಕೆ ಟೇಪು ಧ್ವನಿಯನ್ನು ಅಮುಕಿ ಹಿಡಿಯುವ ಬಗೆ ಹಲವು ಸಲ ಇಷ್ಟವೇ ಆಗುತ್ತದೆ. ಆದರೂ ಗುಣಮಟ್ಟದ ದೃಷ್ಟಿಯಿಂದ ಕ್ಯಾಸೆಟ್ಟು ಡಿಜಿಟಲ್ಲಿಗಿಂತ ಮೇಲು ಎಂಬ ವಾದವನ್ನು ನಾನು ಒಪ್ಪಲಾರೆ. ಅದರ ಬಲ ಇರುವುದು ಬೇರೆ ಕಡೆ.

ಆ ಬಲವನ್ನು ನಮ್ಮ ನಾಡು ಒಮ್ಮೆ ಹತ್ತಿರದಿಂದ ಕಂಡಿದೆ. ಫಿಲಿಪ್ಸ್ ಕಂಪನಿಯ ಲೂ ಒಟೆನ್ಸ್ ಮತ್ತು ಅವರ ತಂಡ ಬೆಲ್ಜಿಯಂನ ಹಾಸೆಲ್ಟ್‌ನಲ್ಲಿ ರೂಪಿಸಿದ ಕಾಂಪ್ಯಾಕ್ಟ್ ಕ್ಯಾಸೆಟ್ಟು 1963ರಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಭಾರತದಲ್ಲಿ ಅದು ಮನೆಮನೆಗೆ ಬಂದದ್ದು 1970ರ ದಶಕದ ಕೊನೆಯಿಂದೀಚೆಗೆ. ಅಲ್ಲಿಯವರೆಗೆ ಧ್ವನಿಮುದ್ರಿಕೆ ಎಂದರೆ ಗ್ರಾಮೊಫೋನ್ ಕಂಪನಿಯ ತಟ್ಟೆ. ಏನು ಮುದ್ರಣವಾಗಬೇಕು, ಏನು ಬೇಡ ಎಂಬುದನ್ನು ಹೆಚ್ಚುಕಡಿಮೆ ಆ ಒಂದು ಸಂಸ್ಥೆಯೇ ತೀರ್ಮಾನಿಸುತ್ತಿತ್ತು. ಕ್ಯಾಸೆಟ್ಟು ಆ ಬೀಗವನ್ನು ಒಡೆಯಿತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಧ್ವನಿಸುರುಳಿಯಾಗಿ ಬಂದ ನಂತರ ಭಾವಗೀತೆಗೆ ರೇಡಿಯೊ ಮತ್ತು ಸಿನಿಮಾದಾಚೆ ಒಂದು ಸ್ವಂತ ಮಾರುಕಟ್ಟೆ ದೊರೆಯಿತು. ಕರಾವಳಿ ಮತ್ತು ಮಲೆನಾಡಿನಲ್ಲಿ ಯಕ್ಷಗಾನ ಪ್ರಸಂಗಗಳೂ ತಾಳಮದ್ದಳೆಗಳೂ ಕ್ಯಾಸೆಟ್ಟಿಗೆ ಇಳಿದವು. ಎರಡು ಮೂರು ಜಿಲ್ಲೆಗಳ ಆಚೆ ಕೇಳುವವರಿಲ್ಲದ, ಗಂಟೆಗಟ್ಟಲೆ ನಡೆಯುವ ಕಲೆಯೊಂದಕ್ಕೆ ತಟ್ಟೆಯ ಕಾಲದಲ್ಲಿ ಅಂಥ ಅವಕಾಶ ಇರಲೇ ಇಲ್ಲ. 1990ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಕಾಳಿಂಗ ನಾವಡರ ಭಾಗವತಿಕೆಯನ್ನು ಅವರನ್ನು ಕಾಣದ ತಲೆಮಾರು ಇಂದು ಕೇಳುತ್ತಿರುವುದು ಬಹುಮಟ್ಟಿಗೆ ಆ ಕಾಲದ ಕ್ಯಾಸೆಟ್ಟುಗಳ ಕೃಪೆಯಿಂದ. ಇದೇ ಅವಧಿಯಲ್ಲಿ ಜಪಾನಿನ ಮಸಾಮಿ ಅಕಿತಾ ‘ಮೆರ್ಜ್‌ಬೌ’ ಎಂಬ ಹೆಸರಿನಲ್ಲಿ ತನ್ನ ನಾಯ್ಸ್ ಸಂಗೀತವನ್ನು ಕ್ಯಾಸೆಟ್ಟಿಗೆ ತುಂಬಿ ಅಂಚೆಯ ಮೂಲಕ ದೇಶದೇಶಗಳ ಸಮಾನಾಸಕ್ತರಿಗೆ ಕಳುಹಿಸುತ್ತಿದ್ದರು. ತಾಳಮದ್ದಳೆಗೂ ಜಪಾನಿನ ನಾಯ್ಸಿಗೂ ಕಲೆಯಾಗಿ ಯಾವ ನಂಟೂ ಇಲ್ಲ. ಎರಡಕ್ಕೂ ದಾರಿ ಮಾಡಿಕೊಟ್ಟದ್ದು ಮಾತ್ರ ಕಡಿಮೆ ಪ್ರತಿಗಳಿಗೂ ಗಿಟ್ಟುವ ಒಂದೇ ಬಗೆಯ ಲೆಕ್ಕ.

ಕಡಿಮೆ ಪ್ರತಿಗಳಿಗೆ ಇರುವ ಇನ್ನೊಂದು ಶಕ್ತಿಯನ್ನು ಘಾನಾದ ಅಟಾ ಕಾಕ್ ಅವರ ಕಥೆ ತೋರಿಸುತ್ತದೆ. ಅವರು ಕೆನಡಾದ ಟೊರಾಂಟೊದಲ್ಲಿದ್ದಾಗ ಧ್ವನಿಮುದ್ರಿಸಿ 1994ರಲ್ಲಿ ಹೊರತಂದ ‘ಒಬಾ ಸಿಮಾ’ ಎಂಬ ಕ್ಯಾಸೆಟ್ಟಿನ ಪ್ರತಿಗಳು ಐವತ್ತರ ಆಸುಪಾಸು ಮಾತ್ರ. ಅಮೆರಿಕದ ಬ್ರಯನ್ ಶಿಮ್‌ಕೊವಿಟ್ಜ್ 2002ರಲ್ಲಿ ಕೇಪ್ ಕೋಸ್ಟ್ ಪಟ್ಟಣದಲ್ಲಿ ಅದರ ಒಂದು ಪ್ರತಿಯನ್ನು ಕೊಂಡರು, 2006ರಲ್ಲಿ ಅಂತರ್ಜಾಲದಲ್ಲಿ ಹಂಚಿಕೊಂಡರು, ಆಮೇಲೆ ಹಾಡಿದವರು ಯಾರು, ಎಲ್ಲಿದ್ದಾರೆ ಎಂದು ವರ್ಷಗಟ್ಟಲೆ ಹುಡುಕಿದರು. ಕೊನೆಗೆ ಅವರ ‘ಆಸಮ್ ಟೇಪ್ಸ್ ಫ್ರಂ ಆಫ್ರಿಕಾ’ ಲೇಬಲ್ 2015ರಲ್ಲಿ ಅದನ್ನು ಮರುಬಿಡುಗಡೆ ಮಾಡಿತು. ಕಲಾವಿದರ ಬಳಿ ಇದ್ದ ಮೂಲ ಟೇಪು ಅಷ್ಟರಲ್ಲಿ ಹಾಳಾಗಿತ್ತು. ಬೀದಿಯಲ್ಲಿ ಕೊಂಡ ಆ ಪ್ರತಿಯೇ ಕೆಲಸಕ್ಕೆ ಬಂತು. ಲಾಭವನ್ನು ಕಲಾವಿದರೊಂದಿಗೆ ಸಮನಾಗಿ ಹಂಚಿಕೊಳ್ಳುವುದು ಆ ಲೇಬಲ್ಲಿನ ಪದ್ಧತಿ. ಐವತ್ತು ಪ್ರತಿಗಳಲ್ಲಿ ಒಂದಾದರೂ ಯಾರದೋ ಕೈಯಲ್ಲಿ ಉಳಿಯುತ್ತದೆ. ಸ್ಟ್ರೀಮಿಂಗ್ ಸೇವೆಯಿಂದ ತೆಗೆದುಹಾಕಿದ ಹಾಡಿಗೆ ಆ ಸಾಧ್ಯತೆಯೂ ಇಲ್ಲ.

ಇಷ್ಟೆಲ್ಲ ಅನುಕೂಲವಿದ್ದರೂ ಕ್ಯಾಸೆಟ್ಟಿನ ಅಡಿಪಾಯ ತೆಳುವಾಗಿದೆ, ಈ ವಿಷಯದಲ್ಲಿ ನನ್ನ ಆತಂಕ ದೊಡ್ಡದು. ಕಾಂತೀಯ ಟೇಪು ತಯಾರಿಸುವ ಕಾರ್ಖಾನೆಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆ. ಅಮೆರಿಕದ ಮಿಸೂರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ ನ್ಯಾಷನಲ್ ಆಡಿಯೊ ಕಂಪನಿ 1969ರಿಂದ ಈ ವ್ಯವಹಾರದಲ್ಲಿದೆ. ಹೊರಗಿನ ಪೂರೈಕೆ ಬತ್ತುತ್ತ ಬಂದಾಗ ಹಳೆಯ ಯಂತ್ರಗಳನ್ನು ಕೊಂಡು ತಾನೇ ಟೇಪು ಲೇಪಿಸಲು ಆರಂಭಿಸಿತು. ಫ್ರಾನ್ಸಿನ ಅವ್ರಾಂಶ್‌ನ ‘ರೆಕಾರ್ಡಿಂಗ್ ದಿ ಮಾಸ್ಟರ್ಸ್’ 2018ರಲ್ಲಿ ಹೊಸ ಕ್ಯಾಸೆಟ್ಟನ್ನು ಮಾರುಕಟ್ಟೆಗೆ ತಂದಿತು. 2019ರಲ್ಲಿ ಟೇಪಿಗೆ ಹಚ್ಚುವ ಗಾಮಾ ಫೆರಿಕ್ ಆಕ್ಸೈಡ್ ಪುಡಿಯ ಪೂರೈಕೆ ಒಂದು ಕಡೆ ನಿಂತದ್ದಕ್ಕೇ ಹಲವು ದೇಶಗಳ ಲೇಬಲ್‌ಗಳ ಬಿಡುಗಡೆ ದಿನಾಂಕಗಳು ಮುಂದಕ್ಕೆ ಹೋದವು.

ಪ್ಲೇಯರುಗಳ ಸ್ಥಿತಿ ಇನ್ನೂ ಕಷ್ಟದ್ದು. ಸೋನಿ 1979ರಲ್ಲಿ ಹೊರತಂದ ವಾಕ್‌ಮನ್ನಿನ ಕ್ಯಾಸೆಟ್ ಮಾದರಿಗಳ ತಯಾರಿಕೆಯನ್ನು ಜಪಾನಿನಲ್ಲಿ 2010ರಲ್ಲಿ ನಿಲ್ಲಿಸಿತು. ಈಗ ಹೊಸದಾಗಿ ಸಿಗುವ ಬಹುಪಾಲು ಅಗ್ಗದ ಪ್ಲೇಯರುಗಳ ಒಳಗಿರುವುದು ಜಪಾನಿನ ತನಾಶಿನ್ ಕಂಪನಿಯ ಹಳೆಯ ವಿನ್ಯಾಸವನ್ನು ಅನುಕರಿಸಿದ ಒಂದೇ ಬಗೆಯ ಯಂತ್ರಭಾಗ. ಅದರಲ್ಲಿ ವೇಗ ಏರಿಳಿಯುವುದರಿಂದ ಸ್ವರ ನಡುಗುತ್ತದೆ. ಸದ್ದು ತಗ್ಗಿಸುವ ಡಾಲ್ಬಿ ವ್ಯವಸ್ಥೆಯೂ ಇರುವುದಿಲ್ಲ. ಇತ್ತೀಚೆಗೆ ಫಿಯೊ ಮತ್ತು ‘ವಿ ಆರ್ ರಿವೈಂಡ್’ ಕಂಪನಿಗಳು ಸ್ವಲ್ಪ ಉತ್ತಮ ಪ್ಲೇಯರುಗಳನ್ನು ತಂದಿವೆ ಎಂಬುದು ಸಮಾಧಾನದ ಸಂಗತಿ. ಆದರೆ ಒಳ್ಳೆಯ ಧ್ವನಿ ಬೇಕೆನ್ನುವವರು ಇಂದಿಗೂ ನೆಚ್ಚಿರುವುದು 1980 ಮತ್ತು 90ರ ದಶಕದ ಡೆಕ್ಕುಗಳನ್ನು. ಅವುಗಳ ರಬ್ಬರ್ ಬೆಲ್ಟು ಸಡಿಲವಾಗುತ್ತದೆ, ಹೆಡ್ಡು ಸವೆಯುತ್ತದೆ, ರಿಪೇರಿ ಬಲ್ಲವರಿಗೂ ವಯಸ್ಸಾಗುತ್ತಿದೆ.

ಇದರ ನಡುವೆ ದೊಡ್ಡ ಕಂಪನಿಗಳೂ ಕ್ಯಾಸೆಟ್ಟಿನ ಕಡೆ ತಿರುಗಿವೆ. ಬ್ರಿಟನ್ನಿನಲ್ಲಿ 2020ರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕ್ಯಾಸೆಟ್ಟುಗಳು ಮಾರಾಟವಾದವು, 2003ರ ನಂತರ ಅದೇ ಅತಿ ಹೆಚ್ಚು. ಆ ವರ್ಷದ ಪಟ್ಟಿಯ ತುದಿಯಲ್ಲಿದ್ದವರು ಲೇಡಿ ಗಾಗಾ. ಅಮೆರಿಕದಲ್ಲಿ 2022ರ ಮಾರಾಟ 4.4 ಲಕ್ಷದಷ್ಟಿತ್ತು. ಮೊದಲ ವಾರದ ಮಾರಾಟದ ಪಟ್ಟಿಯಲ್ಲಿ ಮೇಲೇರಲು ಅಭಿಮಾನಿಗಳಿಗೆ ಬಣ್ಣಬಣ್ಣದ ಕ್ಯಾಸೆಟ್ಟು ಮಾರುವ ಈ ವ್ಯಾಪಾರವನ್ನೇ ಮಾಧ್ಯಮಗಳು ‘ಕ್ಯಾಸೆಟ್ ಪುನರಾಗಮನ’ ಎಂದು ಕರೆಯುತ್ತವೆ. ವಾಸ್ತವದಲ್ಲಿ ಸಣ್ಣ ಲೇಬಲ್‌ಗಳ ಪ್ರತಿಗಳು ಕೈಯಿಂದ ಕೈಗೆ ಮಾರಾಟವಾಗುವುದರಿಂದ ಈ ಅಂಕಿಅಂಶಗಳಲ್ಲಿ ಬಹುಪಾಲು ಸೇರುವುದೇ ಇಲ್ಲ. ದೊಡ್ಡವರ ಆದೇಶಗಳು ಕಾರ್ಖಾನೆಗಳನ್ನು ಬದುಕಿಸುತ್ತವೆ ಎಂಬ ಮಾತಿನಲ್ಲಿ ಹುರುಳಿದೆ. ವಿನೈಲ್ ವಿಷಯದಲ್ಲಿ ಅದೇ ಆದೇಶಗಳು ಸಣ್ಣವರನ್ನು ಸಾಲಿನ ಹಿಂದಕ್ಕೆ ತಳ್ಳಿದ್ದೂ ಅಷ್ಟೇ ನಿಜ.

ಕೊಂಡವರು ಕ್ಯಾಸೆಟ್ಟನ್ನು ಕೇಳುತ್ತಾರೆಯೇ ಎಂಬ ಪ್ರಶ್ನೆಯನ್ನೂ ತಪ್ಪಿಸಿಕೊಳ್ಳಲಾಗದು. ಅಮೆರಿಕದಲ್ಲಿ ವಿನೈಲ್ ಕೊಳ್ಳುವವರಲ್ಲಿ ಅರ್ಧದಷ್ಟು ಜನರ ಬಳಿ ಮಾತ್ರ ತಟ್ಟೆ ನುಡಿಸುವ ಯಂತ್ರವಿದೆ ಎಂದು ಸಂಗೀತ ಮಾರಾಟದ ಅಂಕಿಅಂಶ ಕಲೆಹಾಕುವ ಲ್ಯೂಮಿನೇಟ್ ಸಂಸ್ಥೆ 2023ರಲ್ಲಿ ವರದಿ ಮಾಡಿತ್ತು. ಕ್ಯಾಸೆಟ್ಟಿನ ಜೊತೆ ಡೌನ್‌ಲೋಡ್ ಸೌಲಭ್ಯವನ್ನು ಕೊಡುವ ರೂಢಿ ಬೆಳೆದಿರುವುದೂ ಇದೇ ಕಾರಣಕ್ಕೆ. ಕೇಳುಗ ಹಾಡನ್ನು ಫೋನಿನಲ್ಲಿ ಕೇಳುತ್ತಾನೆ, ಕ್ಯಾಸೆಟ್ಟನ್ನು ಕಪಾಟಿನಲ್ಲಿ ಇಡುತ್ತಾನೆ. ಇದನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಬಿಟ್ಟಿ ಸಿಗುವ ಸಂಗೀತಕ್ಕೆ ಹಣ ಕೊಡಲು ಒಂದು ನೆಪ ಬೇಕು. ಹತ್ತು ಡಾಲರಿನ ಕ್ಯಾಸೆಟ್ಟು ಆ ನೆಪವನ್ನು ಒದಗಿಸುತ್ತದೆ, ಆ ಹಣ ಸಂಗೀತಗಾರನಿಗೆ ತಲುಪುತ್ತದೆ.

ಹೆಚ್ಚು ಕಾಡಬೇಕಾದ ಪ್ರಶ್ನೆ ಬೇರೆಯದು. ಸಿಂಗೆಲಿ ಸಂಗೀತವನ್ನು ಕಟ್ಟಿದವರು ದಾರ್ ಎಸ್ ಸಲಾಮ್‌ನಲ್ಲಿದ್ದಾರೆ, ಅದರ ಕ್ಯಾಸೆಟ್ಟನ್ನು ಕೊಳ್ಳುವವರು ಬಹುಪಾಲು ಯುರೋಪ್ ಮತ್ತು ಅಮೆರಿಕದಲ್ಲಿದ್ದಾರೆ, ಎರಡರ ನಡುವೆ ಆಯ್ಕೆ ಮಾಡುವ ಅಧಿಕಾರ ಲೇಬಲ್ಲಿನ ಕೈಯಲ್ಲಿದೆ. ಬೀದಿಕೂಟದಲ್ಲಿ ಮೆಚ್ಚುಗೆ ಪಡೆದ ಹಾಡೊಂದು, ಬರ್ಲಿನ್ನಿನ ಕೇಳುಗನಿಗೆ ವಿಚಿತ್ರವೆನಿಸುವಷ್ಟು ವೇಗವಾಗಿಲ್ಲ ಎಂಬ ಕಾರಣಕ್ಕೆ ಬದಿಗೆ ಸರಿಯಬಹುದು. ಕಂಪಾಲಾದ ಲೇಬಲ್ಲಿನ ಪರವಾಗಿ ಹೇಳಬೇಕಾದದ್ದೂ ಇದೆ. ಅದು ಹಳೆಯ ಟೇಪುಗಳನ್ನು ಹೆಕ್ಕಿ ಮಾರುವ ಕೆಲಸಕ್ಕೆ ಸೀಮಿತವಾಗದೆ ಅಲ್ಲೇ ಸ್ಟುಡಿಯೊ ಕಟ್ಟಿತು, ಅದರ ಸ್ಥಾಪಕರು ಲೇಬಲ್ಲಿಗೂ ಮೊದಲೇ, 2015ರಲ್ಲಿ, ನೈಲ್ ನದಿಯ ದಡದ ಜಿಂಜಾ ಪಟ್ಟಣದ ಬಳಿ ಆರಂಭಿಸಿದ್ದ ಉತ್ಸವದಲ್ಲಿ ಆಫ್ರಿಕಾದ ಕಲಾವಿದರು ಆಫ್ರಿಕಾದ ಪ್ರೇಕ್ಷಕರೆದುರೇ ಹಾಡುವಂತೆ ಮಾಡಿತು. 2018ರಲ್ಲಿ ಉಗಾಂಡಾದ ನೈತಿಕತೆಯ ಖಾತೆಯ ಸಚಿವರು ಆ ಉತ್ಸವವನ್ನು ನಿಷೇಧಿಸಲು ಹೊರಟು ಹಿಂದೆ ಸರಿಯಬೇಕಾಯಿತು. ಹೀಗಿದ್ದರೂ ಮೂಲ ಧ್ವನಿಮುದ್ರಿಕೆಯ ಹಕ್ಕು ಯಾರಲ್ಲಿ ಉಳಿಯುತ್ತದೆ, ಒಪ್ಪಂದದ ಅವಧಿ ಎಷ್ಟು, ಖರ್ಚು ಕಳೆದು ಉಳಿದದ್ದರಲ್ಲಿ ಕಲಾವಿದನ ಪಾಲೆಷ್ಟು ಎಂಬ ವಿವರಗಳನ್ನು ಸಣ್ಣ ಲೇಬಲ್‌ಗಳು ಬರವಣಿಗೆಯಲ್ಲಿ ಇಡಬೇಕು. ಸ್ನೇಹದ ಮೇಲೆ ನಡೆಯುವ ವ್ಯವಹಾರದಲ್ಲಿ ನೂರು ಪ್ರತಿಯವರೆಗೆ ತಕರಾರು ಬರುವುದಿಲ್ಲ. ಅದೇ ಹಾಡನ್ನು ನಾಳೆ ಜಾಹೀರಾತಿಗೋ ಸಿನಿಮಾಕ್ಕೋ ಯಾರಾದರೂ ಕೇಳಿದಾಗ ಬರುತ್ತದೆ.

ಮಾರಾಟದ ದಾರಿಗಳೂ ಈಗ ಅಲುಗಾಡುತ್ತಿವೆ. ಈ ವಲಯದ ಮುಖ್ಯ ಪೇಟೆಯಾದ ಬ್ಯಾಂಡ್‌ಕ್ಯಾಂಪ್ 2022ರಲ್ಲಿ ವಿಡಿಯೊ ಗೇಮ್ ಕಂಪನಿಯಾದ ಎಪಿಕ್ ಗೇಮ್ಸ್ ಪಾಲಾಯಿತು, 2023ರಲ್ಲಿ ಸಾಂಗ್‌ಟ್ರೇಡರ್ ಕಂಪನಿಯ ಕೈಸೇರಿತು, ಆ ಹಸ್ತಾಂತರದಲ್ಲಿ ಸುಮಾರು ಅರ್ಧದಷ್ಟು ಸಿಬ್ಬಂದಿ ಕೆಲಸ ಕಳೆದುಕೊಂಡರು. ಸಾವಿರಾರು ಸಣ್ಣ ಲೇಬಲ್‌ಗಳು ಒಂದೇ ಅಂಗಡಿಯನ್ನು ನೆಚ್ಚಿ ಕೂತಿರುವುದು ಎಷ್ಟು ಅಪಾಯಕಾರಿ ಎಂಬುದು ಆಗ ಸ್ಪಷ್ಟವಾಯಿತು. 2025ರ ಆಗಸ್ಟ್ 29ರಿಂದ ಅಮೆರಿಕ 800 ಡಾಲರಿನವರೆಗಿನ ಪೊಟ್ಟಣಗಳಿಗೆ ಇದ್ದ ಸುಂಕ ವಿನಾಯಿತಿಯನ್ನು ಕೈಬಿಟ್ಟಾಗ ಭಾರತವೂ ಸೇರಿದಂತೆ ಹಲವು ದೇಶಗಳ ಅಂಚೆ ಇಲಾಖೆಗಳು ಅಲ್ಲಿಗೆ ಪಾರ್ಸೆಲ್ ಕಳುಹಿಸುವುದನ್ನು ಕೆಲಕಾಲ ನಿಲ್ಲಿಸಿದವು. ಹತ್ತು ಡಾಲರಿನ ವಸ್ತುವಿಗೆ ಅಂಚೆ ವೆಚ್ಚವೇ ಭಾರ, ಅದರ ಮೇಲೆ ಸುಂಕದ ಕಾಗದಪತ್ರ ಸೇರಿದರೆ ನೂರು ಪ್ರತಿಗಳ ಲೆಕ್ಕ ತಲೆಕೆಳಗಾಗುತ್ತದೆ. ಕೊಳ್ಳುವವರಿರುವ ದೇಶದಲ್ಲೇ ಪ್ರತಿಗಳನ್ನು ಮಾಡಿಸುವುದು ಒಂದು ದಾರಿ, ಆದರೆ ನೂರನ್ನು ಐವತ್ತೈವತ್ತಾಗಿ ಎರಡು ಕಡೆ ಮಾಡಿಸಿದರೆ ಪ್ರತಿಯೊಂದರ ಬೆಲೆ ಏರುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಪಕ್ಕದ ಮೇಜಿನಲ್ಲಿ ನೇರವಾಗಿ ಮಾರುವುದಕ್ಕೆ ಅಂಚೆಯೂ ಬೇಡ, ಸುಂಕವೂ ಬೇಡ, ಮಾರಾಟ ತಾಣವೂ ಬೇಡ. ಯುರೋಪಿನ ತಂಡಗಳಿಗೆ ಈ ದಾರಿ ಸಲೀಸು. ದಾರ್ ಎಸ್ ಸಲಾಮ್‌ನ ಗಾಯಕ ಬರ್ಲಿನ್ನಿನಲ್ಲಿ ಅಂಥದ್ದೊಂದು ಮೇಜು ಹಾಕಬೇಕಾದರೆ ಅವನಿಗೆ ಮೊದಲು ವೀಸಾ ಸಿಗಬೇಕು.